ಮೂರನೆಯ ಸಿಲಿಂಡರು

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸಮ್ಮನ ಬಿಳಿ ಕಾರು ಗೇಟು ದಾಟಿ ಒಳಗೆ ಬರುವ ಮೊದಲೇ ಅವನಿಗೆ ಅದರ ಸದ್ದು ಕೇಳಿಸಿತ್ತು. ವರ್ಕ್‌ಶಾಪಿನ ಹಿಂದೆ ನಲ್ಲಿಯ ಕೆಳಗೆ ಸೋಪು ಹಚ್ಚಿದ ಕೈಗಳನ್ನು ಒಡ್ಡಿ ನಿಂತಿದ್ದವನು ನೀರು ನಿಲ್ಲಿಸಿ ಕಿವಿಗೊಟ್ಟ. ನಾಲ್ಕು ಜನ ಸಾಲಾಗಿ ನಡೆದು ಬರುವಾಗ ಅವರಲ್ಲೊಬ್ಬ ಆಗೊಮ್ಮೆ ಈಗೊಮ್ಮೆ ಎಡವುತ್ತಿದ್ದ ಹಾಗಿತ್ತು. ಎಡವಿ, ಸಾವರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಮತ್ತೆ ಸಾಲಿಗೆ ಸೇರುತ್ತಿದ್ದ. ಬೇರೆ ಯಾರಿಗೂ ಇದು ಕೇಳುವುದಿಲ್ಲ, ತನಗೊಬ್ಬನಿಗೇ ಕೇಳುತ್ತದೆ ಎಂದು ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣವೇ, ಕೇಳಿಸದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಯಾಕೆ ಹಾಗನ್ನಿಸಿತೆಂದು ಕೆದಕಲು ಹೋಗದೆ ಕೈ ತೊಳೆದುಕೊಂಡ. ಇಪ್ಪತ್ತಾರು ವರ್ಷಗಳಿಂದ ಅವನು ಈ ವರ್ಕ್‌ಶಾಪಿನಲ್ಲಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ರೋಗ ಹೇಳುತ್ತಾನೆಂದು ಜನ ಅವನಿಗೆ ಕಿವಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಆ ಹೆಸರಿನಿಂದ ಕರೆದರೆ ಅವನು ತಿರುಗುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಅರೆಗಳಿಗೆ ಯೋಚಿಸಬೇಕಾಗುತ್ತಿತ್ತು.

ಟವೆಲಿನಿಂದ ಕೈ ಒರೆಸುತ್ತ, ನಡಿಗೆಯಲ್ಲಿ ಅವಸರ ಕಾಣಬಾರದೆಂದು ಎಚ್ಚರ ವಹಿಸಿ ಅವನು ಮುಂಭಾಗಕ್ಕೆ ಬರುವಷ್ಟರಲ್ಲಿ ಬಾನೆಟ್ಟು ಆಗಲೇ ಮೇಲೆದ್ದಿತ್ತು. ಅದರ ಪಕ್ಕದಲ್ಲಿ ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಎಂಜಿನ್ನಿನ ದೋಷ ಓದುವ ಸ್ಕ್ಯಾನರನ್ನು ಮಗುವಿನಂತೆ ತೋಳಲ್ಲಿ ಇಟ್ಟುಕೊಂಡು ನಿಂತಿದ್ದ. ನರ್ಸಮ್ಮ ಅವನೊಡನೆ ಮಾತಾಡುತ್ತಿದ್ದಳು. ಹನ್ನೊಂದು ವರ್ಷದಿಂದ ಈ ಕಾರಿನ ಬಾನೆಟ್ಟನ್ನು ಬೇರೆ ಯಾರೂ ಎತ್ತಿರಲಿಲ್ಲ. "ಏನಮ್ಮ, ಮಿಸ್ಸಿಂಗ್ ಹೊಡೀತಿದೆ, ಒಂದು ಸಿಲಿಂಡರ್ ಕೈಕೊಡ್ತಿದೆ ಅಲ್ವಾ?" ಎಂದು ಅವನು ದೂರದಿಂದಲೇ ಕೇಳಿದ, ನೋಡುವ ಮೊದಲೇ ಹೇಳಿದೆನೆಂದು ಅವಳಿಗೆ ತಿಳಿಯಲಿ ಎಂದು. ಅವಳು ತಿರುಗಿ ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ದಾಕ್ಷಿಣ್ಯವಿತ್ತು; ದರ್ಜಿ ಬದಲಾಯಿಸಿದವರು ಹಳೆಯ ದರ್ಜಿ ಎದುರಾದಾಗ ನಗುವಂಥದು. "ಹೌದು ಮೇಸ್ತ್ರಿ. ಮೇಲ್ಸೇತುವೆ ಹತ್ತೋವಾಗ ಬಿಕ್ಕಳಿಸಿದ ಹಾಗೆ ಮಾಡುತ್ತೆ. ಮೊನ್ನೆ ಹಿಂದೆ ಲಾರಿ ಬರ್ತಿತ್ತು, ಇಲ್ಲಿ ನೋಡಿದ್ರೆ ಪಿಕಪ್ಪೇ ಇಲ್ಲ. ಜೀವ ಬಾಯಿಗೆ ಬಂದಿತ್ತು. ನೀವು ಹೋದ ಸಲ ಪ್ಲಗ್ಗು ಗಿಗ್ಗು ಎಲ್ಲಾ ಹಾಕಿಕೊಟ್ರಿ, ಆದ್ರೂ ಹಿಂಗಾಯ್ತಲ್ಲ... ಇವರೇ ನೋಡ್ಲಿ ಬಿಡಿ ಈ ಸಲ. ಮೆಷಿನ್ ಹಾಕಿದ್ರೆ ಗೊತ್ತಾಗುತ್ತಂತೆ." "ನೋಡ್ಲಿ, ನೋಡ್ಲಿ," ಎಂದ ಅವನು. ಎರಡು ಸಲ ಹೇಳಬಾರದಿತ್ತು. "ಹನ್ನೊಂದಕ್ಕೆ ಒಬ್ಬರ ಕಾಲಿನ ಗಾಯಕ್ಕೆ ಬ್ಯಾಂಡೇಜ್ ಬದಲಾಯಿಸಬೇಕು, ಸಕ್ಕರೆ ಕಾಯಿಲೆಯವರು, ನೋಡ್ಕೊಳ್ಳೋರು ಇನ್ಯಾರೂ ಇಲ್ಲ," ಎಂದು ನರ್ಸಮ್ಮ ಷಡ್ಡಕನಿಗೆ ಹೇಳಿದಳು. "ಒಂದು ಗಂಟೆ ಕೊಡಿ ಅಮ್ಮ," ಎಂದ ಷಡ್ಡಕ, ಆ ಮೃದುವಾದ, ಎಲ್ಲಿಯೂ ಕೊಳೆಯಾಗದ ದನಿಯಲ್ಲಿ.

ಎಂಟು ತಿಂಗಳ ಹಿಂದೆ ಷಡ್ಡಕ ಕೆಲಸ ಮಾಡುತ್ತಿದ್ದ ದೊಡ್ಡ ಸರ್ವಿಸ್ ಸೆಂಟರು ಮುಚ್ಚಿಹೋದಾಗ, ಯಜಮಾನರ ಹತ್ತಿರ ಹೋಗಿ "ನಮ್ಮವನೇ ಸಾರ್, ಒಂದು ಅವಕಾಶ ಕೊಡಿ" ಎಂದು ಕೇಳಿದ್ದು ತಾನೇ ಎಂಬುದು ಅವನಿಗೆ ಮರೆಯಲಾಗದ ಸಂಗತಿ. ಹೆಂಡತಿ ವಾರಗಟ್ಟಲೆ ಪೀಡಿಸಿದ್ದಳು, ಹೌದು, ಆದರೆ ಕೇಳಿದ್ದು ಅವನ ಬಾಯಿಯೇ. ಷಡ್ಡಕ ಬಂದ ಮೊದಲ ವಾರವೇ ಗೋಡೆಗೆ ಹಲಗೆ ಹೊಡೆದು, ಒಂದೊಂದು ಸ್ಪಾನರಿನ ಆಕಾರವನ್ನೂ ಅದರ ಮೇಲೆ ಬರೆದು, ಅದರದರ ಜಾಗದಲ್ಲಿ ನೇತುಹಾಕಿದ. ಯಜಮಾನರು ಅದರ ಮುಂದೆ ನಿಂತು ಬಂದವರಿಗೆಲ್ಲ ತೋರಿಸಿದರು. ಇಪ್ಪತ್ತಾರು ವರ್ಷ ಕಣ್ಣು ಮುಚ್ಚಿ ಕೈ ಹಾಕಿದರೆ ಬೇಕಾದ ಸ್ಪಾನರೇ ಸಿಗುತ್ತಿದ್ದ ಅವನ ತಗಡಿನ ಪೆಟ್ಟಿಗೆ ಬೆಂಚಿನ ಕೆಳಗೆ ಹೋಯಿತು. ಷಡ್ಡಕ ಯಾವತ್ತೂ ಎದುರಾಡಿದವನಲ್ಲ. "ಅಣ್ಣಾ, ಅಣ್ಣಾ" ಎಂದೇ ಮಾತು. ಅದೇ ತೊಂದರೆ. ಸೊಕ್ಕಿನವನಾಗಿದ್ದರೆ ಬೈದುಕೊಂಡು ನಿದ್ದೆ ಮಾಡಬಹುದಿತ್ತು. ಈ ಬೆಳಿಗ್ಗೆ ತಿಂಡಿ ಬಡಿಸುತ್ತ ಹೆಂಡತಿ, "ತಂಗಿ ಹೇಳ್ತಿದ್ಲು, ಯಜಮಾನರು ಇನ್ನು ಮೇಲೆ ವರ್ಕ್‌ಶಾಪಿನ ಬೀಗದ ಕೈನ ಅವಳ ಗಂಡನ ಹತ್ರಾನೇ ಕೊಡ್ತಾರಂತೆ, ಹೌದಾ?" ಎಂದಿದ್ದಳು. ಅವನಿಗೆ ಆ ವಿಷಯ ಗೊತ್ತೇ ಇರಲಿಲ್ಲ. "ಹೂಂ, ನಾನೇ ಹೇಳಿದ್ದು, ನನಗ್ಯಾಕೆ ಆ ತಾಪತ್ರಯ ಅಂತ," ಎಂದುಬಿಟ್ಟಿದ್ದ. ಅವಳು ಅವನ ಕೈಗಳನ್ನು ನೋಡಿದಳು, ಅಥವಾ ನೋಡಿದಳೆಂದು ಅವನಿಗೆ ಅನ್ನಿಸಿತು. ಒಮ್ಮೆ ಯಾರದೋ ಮನೆಯ ಊಟದಲ್ಲಿ ಅವಳು ನಗುತ್ತ, "ಇಬ್ರೂ ಒಂದೇ ಕೆಲಸ ಮಾಡೋದು ಅಂದ್ರೆ ಯಾರೂ ನಂಬಲ್ಲ, ಅವನ ಉಗುರಲ್ಲಿ ಒಂದ್ಚೂರು ಕರಿ ಇರಲ್ಲ," ಎಂದಿದ್ದಳು. ಅಂದಿನಿಂದ ಅವನು ದಿನಕ್ಕೆ ನಾಲ್ಕು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ಇಪ್ಪತ್ತಾರು ವರ್ಷದ ಕರಿ ಚರ್ಮದ ಗೆರೆಗಳಲ್ಲಿ ಇಳಿದುಹೋಗಿತ್ತು, ಬಿಡುತ್ತಿರಲಿಲ್ಲ.

ಷಡ್ಡಕ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ, ನರ್ಸಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಎದುರಿನ ಏರುರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. "ಮೂರನೇ ಸಿಲಿಂಡರ್," ಎಂದು ಯಜಮಾನರಿಗೆ ಕೇಳುವಂತೆ ಹೇಳಿದ. ಯಜಮಾನರು ಆಫೀಸಿನ ಗಾಜಿನ ಬಾಗಿಲಿನಿಂದ ಹೊರಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಯಾಕೆ ಅಂತ ಹೇಳುತ್ತಾ ನಿನ್ನ ಮೆಷಿನ್ನು?" "ಎಲ್ಲಿ ಅಂತ ಹೇಳುತ್ತೆ ಸಾರ್. ಯಾಕೆ ಅಂತ ನಾವೇ ಹುಡುಕಬೇಕು." ಈ ಮಾತು ಸರಿಯಾಗಿತ್ತು, ವಿನಯದ್ದಾಗಿತ್ತು, ಅದಕ್ಕೇ ಕಿವಿ ಮೇಸ್ತ್ರಿಗೆ ಅದನ್ನು ಸಹಿಸಲಾಗಲಿಲ್ಲ. ಪಕ್ಕದ ಗಾಡಿಯ ಚಕ್ರ ಬಿಚ್ಚುತ್ತ ಕೂತಿದ್ದ ಅವನು ತಲೆಯೆತ್ತಲಿಲ್ಲ. ಆದರೆ ಕಿವಿ ಅಲ್ಲಿತ್ತು. ಷಡ್ಡಕ ಮೂರನೆಯ ಸಿಲಿಂಡರಿನ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಬಿಚ್ಚುತ್ತಿದ್ದಾನೆ. ಅದನ್ನು ಒಂದನೆಯದಕ್ಕೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತರುತ್ತಾನೆ. ಕಾಯಿಲ್ ಕೆಟ್ಟಿದ್ದರೆ ಮಿಸ್ಸಿಂಗೂ ಅದರ ಜೊತೆ ಒಂದನೆಯ ಮನೆಗೆ ಹೋಗಬೇಕು. ಹೋಗುವುದಿಲ್ಲ, ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡ. ಹೇಳಿಕೊಂಡ ಮೇಲೆ, ಅದು ಹೇಗೆ ಇಷ್ಟು ಖಂಡಿತವಾಗಿ ತನಗೆ ಗೊತ್ತೆಂದು ಕೈಯಲ್ಲಿದ್ದ ನಟ್ಟನ್ನು ನೋಡುತ್ತ ಕೂತ. ಗೊತ್ತಿತ್ತು. ಎರಡು ತಿಂಗಳ ಹಿಂದಿನ ಆ ಮಧ್ಯಾಹ್ನ ಇದೇ ಕಾರಿಗೆ ನಾಲ್ಕು ಹೊಸ ಪ್ಲಗ್ ಹಾಕುತ್ತಿದ್ದಾಗ ಆಫೀಸಿನೊಳಗೆ ಯಜಮಾನರು ಮತ್ತು ಷಡ್ಡಕ ಏನೋ ಹೇಳಿಕೊಂಡು ಗಟ್ಟಿಯಾಗಿ ನಕ್ಕಿದ್ದರು. ಇಪ್ಪತ್ತಾರು ವರ್ಷದಲ್ಲಿ ಯಜಮಾನರು ಅವನೊಡನೆ ಹಾಗೆ ನಕ್ಕಿರಲಿಲ್ಲ. ಹಲಗೆಯ ಮೇಲೆ ಷಡ್ಡಕ ತೂಗುಹಾಕಿದ್ದ, ಎಷ್ಟು ಬಿಗಿಯಬೇಕೆಂದು ತೋರಿಸುವ ರೆಂಚು ಕೈಗೆಟುಕುವಷ್ಟರಲ್ಲೇ ಇತ್ತು. ಅದನ್ನು ಮುಟ್ಟಲು ಮನಸ್ಸಾಗದೆ ಅವನು ತನ್ನ ಹಳೆಯ ಬಾಕ್ಸ್ ಸ್ಪಾನರಿನಲ್ಲೇ, ಕೈಯಳತೆಯಲ್ಲೇ ಬಿಗಿಯುತ್ತಿದ್ದ. ನಗು ಕೇಳಿ ಕತ್ತು ತಿರುಗಿತು, ಸ್ಪಾನರು ಒಂದಿಷ್ಟು ಓರೆಯಾಯಿತು, ಆಳದಲ್ಲಿ ಎಲ್ಲೋ ಟಿಕ್ ಎಂದಿತು. ಸಣ್ಣದು, ಹಲ್ಲಿನ ನಡುವೆ ಕಲ್ಲು ಸಿಕ್ಕ ಹಾಗೆ. ಸಾವಿರ ಸದ್ದುಗಳ ನಡುವೆ ಒಂದನ್ನು ಹೆಕ್ಕಿ ತೆಗೆಯುವ ಆ ಕಿವಿ ಅದನ್ನು ಕೇಳಿತ್ತು, ಮತ್ತು ಅವನು ಅದನ್ನು ಸ್ಪಾನರಿನ ಸದ್ದು ಎಂದುಕೊಂಡಿದ್ದ. ಎಂದುಕೊಳ್ಳಲು ನಿರ್ಧರಿಸಿದ್ದ. ಕಾಯಿಲ್ ಕೂರಿಸಿ, ಮೇಲಿನ ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿದಾಗ ಎಂಜಿನ್ನು ನುಣ್ಣಗೆ ತಿರುಗಿತ್ತು. ನರ್ಸಮ್ಮ "ನಿಮ್ಮ ಕೈ ಬಿದ್ರೆ ಸಾಕು ನೋಡಿ" ಎಂದಿದ್ದಳು.

ಏರುರಸ್ತೆಯ ಎರಡನೇ ಸುತ್ತು ಮುಗಿಸಿ ಬಂದ ಷಡ್ಡಕ ತಲೆಯಾಡಿಸಿದ. ಮಿಸ್ಸಿಂಗ್ ಮೂರರಲ್ಲೇ ಕೂತಿತ್ತು. "ಅಣ್ಣಾ, ಪ್ಲಗ್ ಹೊಸದು ಅಲ್ವಾ? ಜಾಬ್ ಕಾರ್ಡಲ್ಲಿ ನಿಮ್ಮ ಸಹಿ ಇದೆ." ಆ ಪ್ರಶ್ನೆಯಲ್ಲಿ ಏನಾದರೂ ಇತ್ತೇ? ಮುಖ ನೋಡಿದ, ಏನೂ ಇರಲಿಲ್ಲ, ತೊಳೆದಿಟ್ಟ ತಟ್ಟೆಯಂಥ ಮುಖ. ಹೇಳಬಹುದಿತ್ತು. ಒಂದು ಪ್ಲಗ್ ಬಿಚ್ಚಿ ನೋಡು ಎಂದು ನಾಲ್ಕೇ ಶಬ್ದ. ಯಜಮಾನರು ಅಲ್ಲೇ ನಿಂತಿದ್ದರು, ಬೆಂಚಿನ ಮೇಲೆ ನರ್ಸಮ್ಮ ಗಡಿಯಾರ ನೋಡಿಕೊಳ್ಳುತ್ತಿದ್ದಳು. "ಎರಡು ತಿಂಗಳೂ ಆಗಿಲ್ಲ," ಎಂದ. "ಹಾಗಾದ್ರೆ ನೀವೊಂದ್ಸಲ ಕೇಳಿ ಅಣ್ಣಾ. ನಿಮ್ಮ ಕಿವಿ ಮುಂದೆ ಇದೇನು," ಎಂದು ಷಡ್ಡಕ ಸ್ಕ್ಯಾನರಿನ ಕಡೆ ಕೈತೋರಿಸಿದ. ಅವನು ಎದ್ದು, ತಗಡಿನ ಪೆಟ್ಟಿಗೆಯಿಂದ ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದು, ಎಲ್ಲರೂ ನೋಡುತ್ತಿರುವಾಗ ಎಂಜಿನ್ನಿನ ಮೇಲೆ ಬಾಗಿದ. ಕಣ್ಣು ಮುಚ್ಚಿದ. ಪೆಟ್ರೋಲು ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳೂ ಗಡಿಯಾರದ ಮುಳ್ಳಿನ ಹಾಗೆ ಟಕ್ ಟಕ್ ಎಂದು ಒಂದೇ ಸಮನೆ ಮಿಡಿಯುತ್ತಿದ್ದವು; ಅವುಗಳಲ್ಲಿ ಒಂದಿಷ್ಟೂ ಐಬಿರಲಿಲ್ಲ. ಎಷ್ಟೋ ದಿನದ ಮೇಲೆ ತನ್ನ ಸುತ್ತ ಆ ಹಳೆಯ ಮೌನ ಕವಿದದ್ದು ಅವನಿಗೆ ತಿಳಿಯಿತು, ಜನ ಉಸಿರು ಬಿಗಿಹಿಡಿದು ತನ್ನ ಮಾತಿಗಾಗಿ ಕಾಯುವ ಮೌನ. ಅದನ್ನು ಇನ್ನಷ್ಟು ಹೊತ್ತು ಉಳಿಸಿಕೊಳ್ಳಬೇಕು ಅನ್ನಿಸಿತು. "ಇಂಜೆಕ್ಟರು," ಎಂದ. "ಮೂರನೇದು ಸರಿಯಾಗಿ ಬಿಡ್ತಿಲ್ಲ. ಬಿಚ್ಚಿ ನೋಡು." ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಒಂದು ಕ್ಷಣ ಅದು ನಿಜವಿರಬಹುದೆನ್ನಿಸಿತು. ಷಡ್ಡಕ ಅವನನ್ನೇ ನೋಡಿದ. ಆಮೇಲೆ, "ಆಯ್ತು ಅಣ್ಣಾ. ನೀವು ಹೇಳಿದ ಮೇಲೆ ಆಯ್ತು," ಎಂದು ತೋಳು ಮಡಚಿಕೊಂಡ.

ಇಂಜೆಕ್ಟರ್ ಬಿಚ್ಚುವುದೆಂದರೆ ಪೆಟ್ರೋಲಿನ ಪೈಪು, ಅದರ ಮೇಲಿನ ಅಡ್ಡಪಟ್ಟಿ, ವೈರುಗಳು, ಎಲ್ಲ ಕಳಚಿ ಮತ್ತೆ ಜೋಡಿಸುವ ಕೆಲಸ. ಹನ್ನೊಂದು ಹೊಡೆಯಿತು. ನರ್ಸಮ್ಮ ಕಾಲಿನ ಗಾಯದವರಿಗೆ ಫೋನ್ ಮಾಡಿ, "ಇನ್ನೇನು ಹೊರಟೆ ಅಪ್ಪಾಜಿ, ಅಷ್ಟರೊಳಗೆ ಒಂಚೂರು ಏನಾದ್ರೂ ಬಾಯಿಗೆ ಹಾಕ್ಕೊಳ್ಳಿ, ಬರೀ ಹೊಟ್ಟೇಲಿ ಇರಬೇಡಿ," ಎಂದಳು. ಹನ್ನೊಂದೂವರೆಗೆ ಮತ್ತೆ ಅದೇ ಮಾತು, ದನಿ ಸ್ವಲ್ಪ ತಗ್ಗಿತ್ತು. "ಬಸ್ಸಲ್ಲಿ ಹೋಗ್ಲಾ?" ಎಂದು ಯಜಮಾನರನ್ನು ಕೇಳಿದಳು. "ಎರಡು ಬಸ್ ಬದಲಾಯಿಸಬೇಕಲ್ಲಮ್ಮ ಈ ಭಾರದ ಬ್ಯಾಗ್ ಹಿಡ್ಕೊಂಡು. ಇನ್ನರ್ಧ ಗಂಟೆ," ಎಂದು ಯಜಮಾನರು ಹೇಳಿದರು; ಆಮೇಲಿನ ಅರ್ಧ ಗಂಟೆಯಲ್ಲೂ ಅದನ್ನೇ ಹೇಳಿದರು. ಅವನು ಪಕ್ಕದ ಗಾಡಿಯ ಬ್ರೇಕನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ. ಬೆಂಚಿನ ಮೇಲೆ ಕೂತ ಅವಳ ಮೊಣಕಾಲುಗಳು, ಅವುಗಳ ಮೇಲೆ ಆ ಕಪ್ಪು ಬ್ಯಾಗು, ಅದರ ಮೇಲೆ ಕಟ್ಟಿಕೊಂಡ ಕೈಗಳು ಚಕ್ರದ ಸಂದಿಯಿಂದ ಕಾಣುತ್ತಿದ್ದವು. ಅದೇ ಕೈಗಳು ಐದು ವರ್ಷದ ಹಿಂದೆ ಅವನ ಅಮ್ಮನ ಬೆನ್ನಿನ ಹುಣ್ಣುಗಳನ್ನು ಒರೆಸಿದ್ದವು. ಅಮ್ಮ ಅಷ್ಟೂ ತಿಂಗಳು ಇವಳು ಬರುವ ಗಳಿಗೆಗಾಗಿ ಬಾಗಿಲು ನೋಡುತ್ತಿದ್ದಳು. ತಡವಾದ ದಿನ ಹಟ ಮಾಡಿ ಯಾರಿಗೂ ಮೈ ಮುಟ್ಟಲು ಬಿಡುತ್ತಿರಲಿಲ್ಲ, ಮಗನಿಗೂ. ಆಗ ಬಾಗಿಲ ಬಳಿ ನಿಂತು ಅವನಿಗೆ ಏನಾಗಿತ್ತು? ನರ್ಸಮ್ಮ ಬಂದೊಡನೆ ಅಮ್ಮನ ಮುಖ ಅರಳುವುದನ್ನು ನೋಡಿ ಸಂತೋಷಪಟ್ಟಿದ್ದೆನೆಂದು ಇಷ್ಟು ವರ್ಷ ಅಂದುಕೊಂಡಿದ್ದ. ಇಲ್ಲ. ಆಗಲೂ ಇದೇ ಉರಿ. ತನ್ನ ಎದೆಯೊಳಗೆ ಮೊದಲಿನಿಂದಲೂ ಇದ್ದದ್ದು ಇದೊಂದೇ ಏನೋ ಎಂದು ಅವನಿಗೆ ಗಾಬರಿಯಾಯಿತು.

ಎರಡು ಗಂಟೆಗೆ ಇಂಜೆಕ್ಟರುಗಳು ಜಾಗ ಬದಲಾಯಿಸಿ ಕೂತವು, ಷಡ್ಡಕ ಏರುರಸ್ತೆಗೆ ಹೋಗಿ ಬಂದ, ಮಿಸ್ಸಿಂಗ್ ಮೂರನ್ನು ಬಿಟ್ಟು ಕದಲಲಿಲ್ಲ. "ಇಂಜೆಕ್ಟರ್ ಅಲ್ಲ ಸಾರ್," ಎಂದಷ್ಟೇ ಷಡ್ಡಕ ಹೇಳಿದ. ಯಜಮಾನರು ಕಿವಿ ಮೇಸ್ತ್ರಿಯ ಕಡೆ ನೋಡಿದರು. ಬೈದಿದ್ದರೆ ಆಗುತ್ತಿತ್ತು. "ವಯಸ್ಸಾಯ್ತು ನಮಗೂ," ಎಂದು, ತಮ್ಮನ್ನೂ ಸೇರಿಸಿಕೊಂಡು, ಕರುಣೆಯಿಂದ ನಕ್ಕು, "ಊಟ ಮಾಡ್ಕೊಂಡು ನೋಡೋಣ ಬಾ," ಎಂದು ಷಡ್ಡಕನನ್ನು ಆಫೀಸಿನೊಳಗೆ ಕರೆದುಕೊಂಡು ಹೋದರು. ನರ್ಸಮ್ಮ ಹೊರಗಿನ ಅಂಗಡಿಗೆ ಚಹಾ ಕುಡಿಯಲು ಹೋದಳು. ವರ್ಕ್‌ಶಾಪಿನಲ್ಲಿ ಉಳಿದದ್ದು ಅವನೂ ಬಿಳಿ ಕಾರೂ ಮಾತ್ರ. ಆಗ ಅವನಿಗೆ ಹೊಳೆದ ವಿಚಾರ ಎಷ್ಟು ಸೊಗಸಾಗಿತ್ತೆಂದರೆ ಅವನು ಎದ್ದೇ ನಿಂತ. ಈಗ ಹೊಸ ಪ್ಲಗ್ ಹಾಕಿಬಿಟ್ಟರೆ? ಮಿಸ್ಸಿಂಗ್ ನಿಲ್ಲುತ್ತದೆ. ಊಟ ಮುಗಿಸಿ ಬಂದು ಸ್ಟಾರ್ಟ್ ಮಾಡುತ್ತಾರೆ. ಇಂಜೆಕ್ಟರಿನ ಕಸ ಓಡುತ್ತ ಓಡುತ್ತ ತಾನೇ ಬಿಟ್ಟುಕೊಂಡಿತು, ನಾನು ಹೇಳಲಿಲ್ಲವೇ, ಎನ್ನಬಹುದು. ಕೆಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ, ಸರಿಮಾಡಿದ್ದು ಗೊತ್ತಾಗುತ್ತದೆ. ಕಪಾಟಿನಿಂದ ಹೊಸ ಪ್ಲಗ್ಗಿನ ಪೊಟ್ಟಣ ಎತ್ತಿ ಜೇಬಿಗೆ ಹಾಕಿಕೊಂಡ. ಕಾಯಿಲ್ ಕಳಚಿದ, ಸ್ಪಾನರ್ ಇಳಿಸಿದ, ತಿರುಗಿಸಿದ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ಪ್ಲಗ್ ಬಿಚ್ಚಿರಬಹುದು. ಕಳ್ಳನ ಹಾಗೆ ಬಿಚ್ಚಿದ್ದು ಇದೇ ಮೊದಲು. ಹೊರಬಂದ ಪ್ಲಗ್ಗನ್ನು ಬೆಳಕಿಗೆ ಹಿಡಿದ. ಬಿಳಿಯ ಪಿಂಗಾಣಿಯ ಮೇಲೆ, ಮೇಲಿನಿಂದ ಕೆಳಗೆ, ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಗೆರೆ. ಕಿಡಿ ಒಳಗೆ ಹೋಗದೆ ಈ ಬಿರುಕಿನಿಂದ ಪಕ್ಕಕ್ಕೆ ಹಾರಿಹೋಗುತ್ತಿತ್ತು. ಎಂಜಿನ್ನಿಗೆ ಭಾರ ಬಿದ್ದಾಗಲೆಲ್ಲ, ಏರು ಬಂದಾಗಲೆಲ್ಲ, ಹಿಂದೆ ಲಾರಿ ಇರುವಾಗಲೆಲ್ಲ. ಅದನ್ನೇ ನೋಡುತ್ತ ಎಷ್ಟು ಹೊತ್ತು ನಿಂತನೋ. ಹಿಂದೆ ಯಾರೋ ನಿಂತಂತಾಗಿ ತಿರುಗಿದ. ಷಡ್ಡಕ, ತೊಳೆದ ಕೈ ಇನ್ನೂ ಒದ್ದೆ.

ಷಡ್ಡಕ ಅವನ ಬೆರಳುಗಳಿಂದ ಪ್ಲಗ್ಗನ್ನು ಬಿಡಿಸಿಕೊಂಡು ಗೆರೆಯನ್ನು ನೋಡಿದ, ಆಮೇಲೆ ಅವನ ಜೇಬಿನಿಂದ ಇಣುಕುತ್ತಿದ್ದ ಪೊಟ್ಟಣವನ್ನು ನೋಡಿದ. ಈಗ ಕೂಗುತ್ತಾನೆ, ಯಜಮಾನರನ್ನು ಕರೆಯುತ್ತಾನೆ, ಮನೆಗೆ ಹೋಗಿ ತಂಗಿಗೆ ಹೇಳುತ್ತಾನೆ, ತಂಗಿ ಅಕ್ಕನಿಗೆ ಹೇಳುತ್ತಾಳೆ. ಷಡ್ಡಕ ಕೂಗಿದ್ದು ನಿಜ. "ಸಾರ್, ಸಿಕ್ತು! ಅಣ್ಣ ಹಿಡಿದ್ರು!" ಯಜಮಾನರು ಬಾಯಿ ಒರೆಸುತ್ತ ಓಡಿಬಂದರು, ನರ್ಸಮ್ಮನೂ ಬಂದಳು. "ಪ್ಲಗ್ಗಿನ ಪಿಂಗಾಣಿ ಬಿರುಕು ಬಿಟ್ಟಿದೆ. ಕೆಲವೊಂದು ಮಾಲೇ ಹಾಗೆ ಬರುತ್ತೆ, ನೋಡಿದ್ರೆ ಗೊತ್ತಾಗಲ್ಲ. ನಾನಾಗಿದ್ರೆ ಇನ್ನೂ ಮೂರು ಗಂಟೆ ಹುಡುಕ್ತಿದ್ದೆ. ಅಣ್ಣ ಊಟ ಬಿಟ್ಟು ಕೂತು ಕಂಡುಹಿಡಿದ್ರು." ಹೊಸ ಪ್ಲಗ್ಗನ್ನು ಷಡ್ಡಕನೇ ಅವನ ಜೇಬಿನಿಂದ ಎತ್ತಿಕೊಂಡು, ಹಲಗೆಯ ಮೇಲಿನ ರೆಂಚಿನಲ್ಲಿ ಬಿಗಿದ, ಕಾಯಿಲಿನ ಕೆಳಗಿನ ರಬ್ಬರನ್ನೂ ಕಿತ್ತು ಹೊಸದು ಹಾಕಿದ. ನರ್ಸಮ್ಮ ಅವನ ಹತ್ತಿರ ಬಂದು, "ನೋಡಿ, ಸುಮ್ನೆ ಬೆಳಗ್ಗೆ ನಿಮ್ಮನ್ನ ಬಿಟ್ಟು ಇವರ ಕೈಗೆ ಕೊಟ್ಟೆ. ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ," ಎಂದಳು. ಯಜಮಾನರು ಬೆನ್ನು ತಟ್ಟಿದರು. ಈ ಎಂಟು ತಿಂಗಳು ಮಲಗುವಾಗ ಏಳುವಾಗ ಹಂಬಲಿಸಿದ್ದೆಲ್ಲ ಒಂದೇ ಗಳಿಗೆಯಲ್ಲಿ ಅವನ ಮುಂದೆ ಬಡಿಸಿಟ್ಟಿತ್ತು. ಬಡಿಸಿದ ಕೈ ಮಾತ್ರ ಷಡ್ಡಕನದು. ಇವನು ಒಳ್ಳೆಯತನದಲ್ಲೂ ನನ್ನನ್ನು ಸೋಲಿಸಿದ, ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

"ಏರಿನಲ್ಲಿ ಒಂದ್ಸಲ ನೀವೂ ಬನ್ನಿ ಮೇಸ್ತ್ರಿ, ಧೈರ್ಯಕ್ಕೆ," ಎಂದು ನರ್ಸಮ್ಮ ಕರೆದಳು. ಅವಳ ಪಕ್ಕದಲ್ಲಿ ಕೂತು ಹೊರಟ. ಮೇಲ್ಸೇತುವೆಯ ಏರು ಶುರುವಾಯಿತು. ಅವಳು ಹೆದರುತ್ತ ಹೆದರುತ್ತ ಕಾಲು ಒತ್ತಿದಳು. ಕಾರು ಬಿಕ್ಕದೆ, ತಡವರಿಸದೆ, ನಾಲ್ಕು ಹೆಜ್ಜೆಯನ್ನೂ ಒಂದೇ ಸಮನೆ ಇಡುತ್ತ ಮೇಲೇರಿತು. ಅವಳ ಭುಜಗಳು ಸಡಿಲವಾದವು. "ಆಹಾ," ಎಂದಳು, ನೋವು ಇಳಿದವರು ಹೇಳುವ ಹಾಗೆ. ಅದನ್ನು ಕೇಳಿ ಅವನು ಬಾಯಿಬಿಟ್ಟ. "ಪ್ಲಗ್ ಒಡೆದಿದ್ದು ನಾನು. ಹಾಕೋವಾಗ. ಮಾಲು ಸರಿಯಾಗೇ ಇತ್ತು." ಹೇಳಿದ್ದು ಪಶ್ಚಾತ್ತಾಪದಿಂದಲ್ಲ ಎಂದು ಹೇಳುತ್ತಿರುವಾಗಲೇ ಅವನಿಗೆ ಗೊತ್ತಿತ್ತು. ಷಡ್ಡಕನ ಭಿಕ್ಷೆಯನ್ನು ಷಡ್ಡಕನಿಗೇ ಹಿಂದಿರುಗಿಸಬೇಕಿತ್ತು, ಅಷ್ಟೇ. ನರ್ಸಮ್ಮ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸೇತುವೆಯ ನೆತ್ತಿ ದಾಟಿ ಇಳಿಜಾರು ಬಂದ ಮೇಲೆ ಕೇಳಿದಳು:

"ಯಾವಾಗ ಗೊತ್ತಾಯ್ತು ನಿಮಗೆ?"

"ಬೆಳಗ್ಗೆ. ಗಾಡಿ ಗೇಟೊಳಗೆ ಬರೋವಾಗ."

"ಮತ್ತೆ ಇಂಜೆಕ್ಟರ್ ಅಂದ್ರಲ್ಲ?"

ಅವನು ಅಂಗೈಗಳನ್ನು ಮೊಣಕಾಲಿನ ಮೇಲೆ ಮಗುಚಿಟ್ಟ.

"ಆ ಮೆಷಿನ್‌ನವರಿಗೆ ಗೊತ್ತಾ, ನೀವೇ ಒಡೆದಿದ್ದು ಅಂತ?"

"ಗೊತ್ತು."

"ಗೊತ್ತಿದ್ದೂ ನಿಮ್ಮ ಹೆಸರು ಉಳಿಸಿದ್ರು," ಎಂದಳು ಅವಳು, ತನಗೇ ಹೇಳಿಕೊಳ್ಳುವಂತೆ. "ಅಂಥವರು ಸಿಗೋದು ಕಷ್ಟ." ಬೈಗುಳಕ್ಕೆ ಕಾದು ಕೂತಿದ್ದ ಅವನಿಗೆ ಇದು ಬೈಗುಳಕ್ಕಿಂತ ಆಳಕ್ಕೆ ನಾಟಿತು. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡರೂ ಹಾರ ಬಿದ್ದದ್ದು ಷಡ್ಡಕನ ಕೊರಳಿಗೆ. ಇಲ್ಲೇ ಇಳಿಸಿಬಿಡಿ, ನಡೆದು ಹೋಗುತ್ತೇನೆ, ಎನ್ನಬೇಕೆಂದುಕೊಂಡ. ಅವಳು ವರ್ಕ್‌ಶಾಪಿನ ಕಡೆಗೆ ತಿರುಗುವ ರಸ್ತೆಯನ್ನು ಬಿಟ್ಟು ನೇರ ಹೋದಳು. "ನಿಮ್ಮನ್ನ ವಾಪಸ್ ಬಿಟ್ಟು ಬರೋಕೆ ಈಗ ಹೊತ್ತಿಲ್ಲ. ನಾಲ್ಕು ಗಂಟೆ ತಡ ಆಗಿದೆ. ನನ್ನ ಜೊತೆ ಬನ್ನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿಕೊಳ್ಳುವುದೂ ಇರಲಿಲ್ಲ.

ಮೂರನೆಯ ಮಹಡಿಯ ಒಂದು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕ, ಇಸ್ತ್ರಿ ಮಾಡಿದ ಅಂಗಿಯನ್ನು ಕತ್ತಿನ ಗುಂಡಿಯವರೆಗೂ ಹಾಕಿಕೊಂಡು, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಬ್ಯಾಂಡೇಜು ಒದ್ದೆಯಾಗಿ ಹಳದಿ ತಿರುಗಿತ್ತು. ಕೋಣೆಯಲ್ಲಿ ಅದರ ವಾಸನೆ ಇತ್ತು. ಮುದುಕ ಅದಕ್ಕೆ ನಾಚಿಕೊಂಡು ಕಿಟಕಿ ತೆರೆದಿಟ್ಟಿದ್ದ. "ಹನ್ನೊಂದು ಅಂದಿದ್ರಿ," ಎಂದ. ಸಿಟ್ಟು ಮಾಡಬೇಕೆಂದು ಬೆಳಗಿನಿಂದ ಸಿದ್ಧಮಾಡಿಟ್ಟುಕೊಂಡ ಮಾತು ಬಾಯಿಗೆ ಬರುವಷ್ಟರಲ್ಲಿ ಅಳುವಾಗಿತ್ತು. "ಗಾಡಿ ಕೆಟ್ಟಿತ್ತು ಅಪ್ಪಾಜಿ," ಎಂದು ನರ್ಸಮ್ಮ ನೆಲದ ಮೇಲೆ ಕೂತು ಬ್ಯಾಗು ತೆರೆದಳು. "ಇವರ್ಯಾರು?" "ಗಾಡಿ ಸರಿಮಾಡಿದವರು." ಅವಳು ಅವನ ಕಡೆ ನೋಡದೆಯೇ ಹೇಳಿದಳು. "ಕೈ ತೊಳ್ಕೊಂಡು ಬಂದು ಇವರ ಕಾಲು ಎತ್ತಿ ಹಿಡೀರಿ." ಅವನು ತೊಳೆದ. ಮುದುಕನ ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿ ಹೊತ್ತು ಕೂತ. ಒಣಗಿ ಹಗುರಾದ ಕಾಲು, ಆದರೆ ಒಲೆಯ ಮೇಲಿಂದ ಇಳಿಸಿದ ಹಾಗೆ ಸುಡುತ್ತಿತ್ತು. ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಸರಿಯಾದ ಹೊತ್ತಿಗೆ ಬಂದಿದ್ದರೆ ಇಷ್ಟು ಅಂಟುತ್ತಿರಲಿಲ್ಲವೆಂದು ನರ್ಸಮ್ಮ ಯಾರಿಗೂ ಹೇಳದೆ ಹೇಳಿದಳು. ಅವಳು ನೀರು ಹನಿಸುತ್ತ ಒಂದೊಂದೇ ಎಳೆ ಬಿಡಿಸುವಾಗ ಮುದುಕನ ಮೈಯ ನಡುಕವೆಲ್ಲ ಮೂಳೆಯ ಮೂಲಕ ಇಳಿದು ಬಂದು ಅವನ ಕೈ ಸೇರುತ್ತಿತ್ತು. ಮುದುಕ ಕೂಗಲಿಲ್ಲ. "ನಿಮ್ಮ ಕೈ ಗಟ್ಟಿ ಇದೆ," ಎಂದ, ಹಲ್ಲು ಕಚ್ಚಿಕೊಂಡು. "ಹಾಗೇ ಹಿಡ್ಕೊಳ್ಳಿ, ಬಿಡಬೇಡಿ."

ಅವನು ಬಸ್ಸು ಹಿಡಿದು ವರ್ಕ್‌ಶಾಪಿಗೆ ಬಂದಾಗ ಐದೂವರೆ. ಯಜಮಾನರು ಹೋಗಿದ್ದರು. ಷಡ್ಡಕ ಒಬ್ಬನೇ ನೆಲ ಗುಡಿಸುತ್ತಿದ್ದ. "ಹೇಗೆ ಓಡ್ತು ಅಣ್ಣಾ?" "ಚೆನ್ನಾಗಿ ಓಡ್ತು." ಬಟ್ಟೆ ಬದಲಾಯಿಸಲು ಹೋಗಿ, ಹೋಗದೆ ನಿಂತ. "ಇಂಜೆಕ್ಟರ್ ಅಂತ ನಾನು ಬೇಕೂಂತ್ಲೇ ಹೇಳಿದ್ದು." ಷಡ್ಡಕ ಗುಡಿಸುವುದನ್ನು ನಿಲ್ಲಿಸಿದ.

"ಗೊತ್ತು ಅಣ್ಣಾ."

"ನನ್ನ ಕೈಲಿ ಪ್ಲಗ್ ನೋಡಿದಾಗ ಗೊತ್ತಾಗಿರುತ್ತೆ."

"ಅಲ್ಲ. ಬೆಳಗ್ಗೇನೇ. ಕಾಯಿಲ್ ಬಿಚ್ಚಿದಾಗ ಅದರ ರಬ್ಬರ್ ಒಳಗೆ ಸುಟ್ಟ ಗೆರೆ ಇತ್ತು. ಪ್ಲಗ್ ಬಿರುಕು ಬಿಟ್ಟಿದೆ ಅಂತ ಆಗಲೇ ಗೊತ್ತಾಯ್ತು."

"ಮತ್ತೆ ಇಂಜೆಕ್ಟರ್ ಯಾಕೆ ಬಿಚ್ಚಿದೆ?"

ಷಡ್ಡಕನ ಮುಖದಲ್ಲಿ ಅವನು ಎಂದೂ ನೋಡಿರದ ಒಂದು ಕೆಂಪು ಮೇಲೇರಿತು. "ನೀವು ಹೇಳಿದ್ರಿ ಅಂತ. ಯಜಮಾನರ ಎದುರಿಗೆ ಹೇಳಿದ್ರಿ. ಅದು ತಪ್ಪು ಅಂತ ಅವರ ಎದುರಿಗೇ ಆಗ್ಲಿ ಅಂತ ಬಿಚ್ಚಿದೆ." ಪೊರಕೆಯನ್ನು ಗೋಡೆಗೆ ಒರಗಿಸಿದ, ಅದು ಜಾರಿ ಬಿತ್ತು, ಎತ್ತಲಿಲ್ಲ. "ನಾನು ಬಂದು ಎಂಟು ತಿಂಗಳಾಯ್ತು ಅಣ್ಣಾ. ಬೋರ್ಡ್ ಹೊಡೆದೆ, ಮೆಷಿನ್ ತಂದೆ. ಬಂದವರೆಲ್ಲ ನನ್ನ ಮುಖ ನೋಡಿ ಕೇಳೋದು ಒಂದೇ, 'ಕಿವಿ ಮೇಸ್ತ್ರಿ ಇಲ್ವಾ? ಹಾಗಾದ್ರೆ ನಾಳೆ ಬರ್ತೀವಿ.' ಮನೇಲಿ ಇವಳು, 'ಭಾವನಿಗೆ ಮೆಷಿನ್ನೇ ಬೇಡ.' ಸಾಕಾಗಿತ್ತು. ಒಂದು ದಿನ, ಒಂದೇ ಒಂದು ದಿನ ನಿಮ್ಮ ಕಿವಿ ತಪ್ಪು ಹೇಳಿದ್ದನ್ನ ಎಲ್ಲರೂ ನೋಡಬೇಕಿತ್ತು. ನೋಡಿದ್ರು. ಆಮೇಲೆ ಊಟಕ್ಕೆ ಕೂತ್ರೆ ತುತ್ತು ಇಳೀಲಿಲ್ಲ. ಎದ್ದು ಬಂದೆ. ನೀವು ಪ್ಲಗ್ ಬೆಳಕಿಗೆ ಹಿಡಿದು ಒಬ್ರೇ ನಿಂತಿದ್ರಿ." ದನಿ ಸಣ್ಣಗಾಯಿತು. "ಆ ನರ್ಸಮ್ಮನ ಪೇಷಂಟು... ಹೇಗಿದ್ರು?"

"ಕಾಯ್ತಾ ಕೂತಿದ್ರು," ಎಂದ ಅವನು. ಇನ್ನೂ ಹೇಳಬೇಕಿತ್ತು: ಆ ಕಾಲು ಸುಡುತ್ತಿದ್ದದ್ದು, ಅಂಟಿದ ಬಟ್ಟೆ, ಕತ್ತಿನವರೆಗೆ ಹಾಕಿದ ಗುಂಡಿ. ನಾವಿಬ್ಬರೂ ಸೇರಿ ಅವರನ್ನು ನಾಲ್ಕು ಗಂಟೆ ಕಾಯಿಸಿದ್ದು. ಆದರೆ ಅವನ ಒಳಗೆ ಬೇರೊಂದು ಏಳುತ್ತಿತ್ತು, ತಡೆಯಲಾಗದಂತೆ: ಎಂಟು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಬದಿಗಿಟ್ಟ ಹಾಗೆ. ಇವನೂ ನನ್ನ ಹಾಗೆಯೇ. ಈ ತೊಳೆದಿಟ್ಟ ಮುಖ, ಈ ಮೃದು ದನಿ, ಈ ಅಣ್ಣಾ ಅಣ್ಣಾ, ಎಲ್ಲದರ ಹಿಂದೆ ಇದೇ ಉರಿ, ಅದೂ ನನ್ನ ಸಲುವಾಗಿ! ತನ್ನ ಮೇಲೆ ಹೊಟ್ಟೆಕಿಚ್ಚು ಪಡುವವರೂ ಇದ್ದಾರೆಂಬುದು ಅವನಿಗೆ ಹಬ್ಬದಂತೆ ಅನ್ನಿಸಿತು. ಬಾಗಿ ಪೊರಕೆಯನ್ನೆತ್ತಿ ತಾನೇ ಉಳಿದ ನೆಲ ಗುಡಿಸಿದ. ಷಡ್ಡಕ ಬೇಡ ಅಣ್ಣಾ ಎಂದರೂ ಬಿಡಲಿಲ್ಲ. ಇಬ್ಬರೂ ಸೇರಿ ಶಟರ್ ಎಳೆದರು, ಷಡ್ಡಕ ಬೀಗ ಹಾಕಿದ, ಬಸ್ ನಿಲ್ದಾಣದವರೆಗೆ ಒಟ್ಟಿಗೆ ನಡೆದರು.

ಮನೆಯ ಮೆಟ್ಟಿಲನ್ನು ಅವನು ಎರಡೆರಡಾಗಿ ಹತ್ತಿದ. ಹೆಂಡತಿ ಬಾಗಿಲು ತೆರೆದು ಮುಖ ನೋಡಿ, "ಏನ್ರೀ, ಇವತ್ತು ಇಷ್ಟು ಖುಷಿ?" ಎಂದಳು. ಖುಷಿಯೇ? ಒಳಗೆ ಹೋಗಿ ಚಪ್ಪಲಿ ಬಿಟ್ಟ. ಊಟದ ಮೇಜಿನ ಮುಂದೆ ಕೂತಾಗ ಮುದುಕನ ಹಿಮ್ಮಡಿ ಹಿಡಿದಿದ್ದ ಎರಡೂ ಅಂಗೈಗಳು ಇನ್ನೂ ಬಿಸಿಯಾಗಿದ್ದಂತೆ ಅನ್ನಿಸಿ ಅವನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಆ ಬಿಸಿಯ ವಿಷಯ ಇವಳಿಗೆ ಹೇಳಬೇಕು, ಮುದುಕ 'ಬಿಡಬೇಡಿ' ಎಂದದ್ದನ್ನು ಹೇಳಬೇಕು, ಎಲ್ಲ ಹೇಳಬೇಕು ಎಂದುಕೊಂಡು ಬಾಯಿ ತೆರೆದ.

"ನಿನ್ನ ತಂಗಿ ಗಂಡ ತುಂಬ ಒಳ್ಳೆಯವನು ಕಣೆ," ಎಂದ. ಎಂಟು ತಿಂಗಳಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ತಡವರಿಸದೆ ಬಂತು. ಅವಳು ಸಂತೋಷದಿಂದ ತಟ್ಟೆ ತರಲು ಒಳಗೆ ಹೋದಳು. ಅವನು ಕೈಗಳನ್ನು ಮೇಲೆ ತೆಗೆಯಲಾರದೆ ಹಾಗೇ ಕೂತಿದ್ದ.